ಒಲೆಗೆ ಇಟ್ಟ ಗುಂಡು

ರಾಕಾಳ ಒಲೆಯ ಮೂರು ಕಲ್ಲುಗಳಲ್ಲಿ ಒಂದು ಒಡೆದು ಎಂಟು ದಿನವಾಗಿತ್ತು. ಪಾತ್ರೆ ಇಟ್ಟರೆ ವಾಲುತ್ತಿತ್ತು, ಕಾಯಿಹಾಲು ಬೂದಿಗೆ ಚೆಲ್ಲುತ್ತಿತ್ತು. "ಹೊಳೆಯಿಂದ ಒಂದು ಕಲ್ಲು ತಂದ್ಕೊಡೋ" ಎಂದು ತಮ್ಮ ಸಿಸಿಯಾನಿಗೆ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

ಭಾನುವಾರ ಚರ್ಚಿನಿಂದ ಬಂದು ನೋಡಿದರೆ ಒಲೆ ನೆಟ್ಟಗೆ ಕೂತಿತ್ತು. ಕಲ್ಲಿನ ಜಾಗದಲ್ಲಿ ಒಂದು ಕಬ್ಬಿಣದ ತುಂಡು. ಅರ್ಧ ನೆಲದಲ್ಲಿ ಹೂತಿದ್ದ, ಕೆಸರು ಮೆತ್ತಿದ ತುಂಡು.

"ಹಳೇ ಪೈಪು ಕಣಕ್ಕಾ. ಕಲ್ಲು ಒಡೆಯುತ್ತೆ, ಕಬ್ಬಿಣ ಒಡೆಯಲ್ಲ," ಎಂದ ಸಿಸಿಯಾ, ಅಡಿಕೆ ಜಗಿಯುತ್ತಾ.

ರಾಕಾ ಎರಡು ದಿನ ಅದರ ಮೇಲೆಯೇ ಗೆಣಸು ಬೇಯಿಸಿದಳು. ಹೆಚ್ಚಾದದ್ದನ್ನು ರಾಜಧಾನಿ ಪೋರ್ಟ್ ಮೋರ್ಸ್‌ಬಿಯ ಸಂತೆಗೂ ಒಯ್ದು ಮಾರಿದಳು.

ಮಂಗಳವಾರ ಬೆಳಿಗ್ಗೆ ನಾದಿನಿಯ ಮಗಳು ಕೋನಿಯೊ ಬಂದಳು, ಕೈಯಲ್ಲಿ ನಾಲ್ಕು ಡಬ್ಬಿ ಮೀನು. ಅವಳು ಸೈನ್ಯದಲ್ಲಿದ್ದಳು. ಗುಡ್ಡದಾಚೆ ಸೈನಿಕರು ಸಿಡಿಗುಂಡು ಹಾರಿಸುವುದನ್ನು ಕಲಿಯುವ ಬಯಲಿದೆಯಲ್ಲ, ಅಲ್ಲಿ ಸಿಡಿಯದೆ ಉಳಿದದ್ದನ್ನು ಹುಡುಕಿ ನಾಶಮಾಡುವುದೇ ಅವಳ ತಂಡದ ಕೆಲಸ.

ಅಡುಗೆಮನೆಗೆ ಬಂದವಳು ಸೌದೆ ಒಳಗೆ ತಳ್ಳಲು ಬಗ್ಗಿದಳು. ಹಾಗೇ ನಿಂತಳು. ಒಣಗಿದ ಕೆಸರು ಉದುರಿ, ಕಬ್ಬಿಣದ ಒಂದು ತುದಿಯಲ್ಲಿ ಪುಟ್ಟ ರೆಕ್ಕೆಗಳು ಕಾಣುತ್ತಿದ್ದವು, ಸಿಡಿಗುಂಡಿನ ಬಾಲಕ್ಕಿರುವಂಥವು.

"ಅತ್ತೆ, ಎದ್ದೇಳು."

"ಕೂತ್ಕೊಳೇ, ಈಗಿನ್ನೂ ಬಂದಿದೀಯ..."

"ಎದ್ದೇಳು ಅಂದೆ. ಏನೂ ಮುಟ್ಟಬೇಡ. ನೀರು ಹಾಕ್ಬೇಡ, ಬೆಂಕಿ ಆರಿಸ್ಬೇಡ. ಹೊರಗೆ ನಡಿ."

ಆ ದನಿಗೆ ರಾಕಾ ಎದ್ದು ಹೊರಗೆ ನಡೆದಳು. ಕೋನಿಯೊ ಅಕ್ಕಪಕ್ಕದ ಮನೆಗಳನ್ನೂ ಖಾಲಿ ಮಾಡಿಸಿ, ಎಲ್ಲರನ್ನೂ ಹೊಳೆ ದಾಟಿಸಿ, ದಿಬ್ಬದ ಮರೆಗೆ ಕೂರಿಸಿ, ಫೋನಿನಲ್ಲಿ ತಂಡವನ್ನು ಕರೆದಳು.

ಸಿಸಿಯಾ ನಗುತ್ತಿದ್ದ. "ಎರಡು ದಿನ ಬೆಂಕೀಲಿದೆ. ಸಿಡಿಯೋದಿದ್ರೆ ಇಷ್ಟೊತ್ತಿಗೆ ಸಿಡೀತಿರ್ಲಿಲ್ವಾ? ತುಕ್ಕು ಹಿಡಿದ ಸತ್ತ ಗುಂಡು ಅದು. ಗೆಣಸು ಸೀದು ಹೋಗುತ್ತೆ, ಪಾತ್ರೆನಾದ್ರೂ ತರ್ತೀನಿ ಇರಿ."

ರಾಕಾ ತಮ್ಮನ ಅಂಗಿ ಹಿಡಿದೆಳೆದಳು.

"ಗುಂಡಾ? ಪೈಪು ಅಂದ್ಯಲ್ಲೋ!"

ಸಿಸಿಯಾನ ನಗು ನಿಂತಿತು.

"ಗೊತ್ತಿತ್ತು ನಿಂಗೆ! ಗೊತ್ತಿದ್ದೂ ನನ್ನ ಒಲೆಗಿಟ್ಟೆ! ಮೊಮ್ಮಕ್ಕಳು ಅದರ ಪಕ್ಕದಲ್ಲಿ ಕೂತು ಉಂಡವಲ್ಲೋ, ಪಾಪಿ!" ಐವತ್ತು ದಾಟಿದ ತಮ್ಮನ ಕೆನ್ನೆಗೆ ಎಲ್ಲರೆದುರೇ ಬಾರಿಸಿದಳು.

"ಮಾವ, ತುಕ್ಕು ಹೊರಗಡೆ ಮಾತ್ರ," ಎಂದಳು ಕೋನಿಯೊ. "ಒಳಗಿನ ಮದ್ದು ಹಾಗೇ ಇರುತ್ತೆ. ಹಾರಿಸಿದಾಗ ಸಿಡೀಲಿಲ್ಲ ಅಂದ್ರೆ ಸತ್ತಿದೆ ಅಂತಲ್ಲ. ಶಾಖಕ್ಕೋ ಏಟಿಗೋ, ಬರೀ ಅಲುಗಾಡಿಸಿದ್ದಕ್ಕೋ, ಯಾವಾಗ ಸಿಡಿಯುತ್ತೆ ಅಂತ ನನಗೂ ಹೇಳಕ್ಕಾಗಲ್ಲ."

ರಾಕಾಳ ಸಿಟ್ಟು ಅವಳತ್ತಲೂ ತಿರುಗಿತು. "ನೀವೇನು ಕಮ್ಮಿನಾ? ಹೊಡೀತೀರಿ, ಲಾರಿ ಹತ್ತಿ ಹೋಗ್ತೀರಿ. ಬಿದ್ದಿದ್ದನ್ನ ಆರಿಸೋರು ಯಾರು?"

"ಪ್ರತಿ ಸಲ ಎಣಿಸ್ತೀವಿ, ಹುಡುಕ್ತೀವಿ. ಆಳೆತ್ತರದ ಹುಲ್ಲಲ್ಲಿ, ಕೆಸರಲ್ಲಿ ಕೆಲವು ಸಿಕ್ಕಲ್ಲ ಅತ್ತೆ. ಅದಕ್ಕೇ ಬೇಲಿ ಹಾಕಿರೋದು, ಕೆಂಪು ಬಾವುಟ ಕಟ್ಟಿರೋದು. ಆ ಬೇಲಿ ತಂತಿ ಈಗ ಯಾರ ಹಂದಿದೊಡ್ಡೀಲಿದೆ, ಮಾವನ್ನೇ ಕೇಳು."

ಕೇಳಬೇಕಾಗಿರಲಿಲ್ಲ. ರಾಕಾಳಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಊರಿನ ಎಷ್ಟೋ ದೊಡ್ಡಿಗಳಿಗೆ ಸುತ್ತಿದ್ದು ಅದೇ ತಂತಿ.

ತಂಡ ಬಂತು. ಬೆಂಕಿ ತಾನಾಗಿ ಆರಿ, ಎಲ್ಲ ತಣ್ಣಗಾಗುವವರೆಗೆ ಕಾದರು. ಮುಖ್ಯಸ್ಥ ಒಬ್ಬನೇ ಹೋಗಿ ನೋಡಿ ಬಂದು ಟೋಪಿ ತೆಗೆದ. "ಎರಡು ದಿನ ಬೆಂಕೀಲಿ ಕಾದಿದೆ ಅಮ್ಮಾ. ಎತ್ತಿ ಸಾಗಿಸೋ ಹಾಗಿಲ್ಲ. ಇರೋ ಜಾಗದಲ್ಲೇ ಸಿಡಿಸಬೇಕು."

"ನನ್ನ ಅಡುಗೆಮನೆ?"

ಗಂಡ ಸತ್ತ ವರ್ಷ ರಾಕಾ ಮನೆಯ ಅಂಗಳದಲ್ಲಿ ಒಬ್ಬಳೇ ಕಂಬ ನೆಟ್ಟು, ಗರಿ ಹೆಣೆದು ಹೊದಿಸಿದ ಅಡುಗೆಮನೆ ಅದು.

"ಸಿಡಿಸಿ," ಎಂದು ಬೆನ್ನು ತಿರುಗಿಸಿದಳು.

ಸುತ್ತ ಮರಳಿನ ಚೀಲ ಪೇರಿಸಿದರು. ಮಧ್ಯಾಹ್ನ ಮೂರಕ್ಕೆ ನೆಲ ಜಿಗಿಯಿತು. ಸೂರಿನ ಗರಿಗಳು ಹೊಳೆಯ ನೀರಿನ ಮೇಲೆಲ್ಲ ಉದುರಿದವು. ತಂಡದವರು ಪರೀಕ್ಷಿಸಿ ಒಪ್ಪಿದ ಮೇಲೆ ಊರವರು ಹಿಂತಿರುಗಿದರು. ಅಡುಗೆಮನೆ ಇದ್ದಲ್ಲಿ ಹೊಗೆಯಾಡುವ ಗುಂಡಿ. ಅಷ್ಟೊಂದು ಮರಳನ್ನೂ ಸೀಳಿಕೊಂಡು ಬಂದ ಕಬ್ಬಿಣದ ಚೂರೊಂದು ಮನೆಯ ಜಗಲಿಯ ಕಂಬದಲ್ಲಿ ನಾಟಿತ್ತು. ಸಿಸಿಯಾ ದಿನಾ ಒರಗಿ ತೂಕಡಿಸುವ ಕಂಬ. ಅವನ ತಲೆಯ ಎತ್ತರಕ್ಕೇ.

ಸಿಸಿಯಾ ಆ ಚೂರನ್ನು ನೋಡಿ ಅಕ್ಕನ ಕಡೆ ತಿರುಗಿದ.

"ಅಕ್ಕಾ... ಇನ್ನೂ ಎರಡಿವೆ. ಬೇಲಿಯಾಚೆ ಹುಲ್ಲಲ್ಲಿ ನೋಡಿದ್ದೆ. ಉಳಿದೆರಡು ಕಲ್ಲಿನ ಜಾಗಕ್ಕೂ ಇವತ್ತು ಸಂಜೆ ತರೋಣ ಅಂತಿದ್ದೆ."

ರಾಕಾ ಗುಡ್ಡದ ಕಡೆ ಕೈ ತೋರಿಸಿದಳು. "ಹೋಗು. ಇವಳಿಗೆ ತೋರ್ಸು. ದೂರದಿಂದ."

ಅಂದೇ ಸಂಜೆ ಸಿಸಿಯಾ ಬೇಲಿಯ ಕಂಬಗಳ ಹೊರಗೇ ನಿಂತು ಜಾಗ ತೋರಿಸಿದ. ಮಾರನೆಯ ದಿನ ಊರಿನ ಹನ್ನೊಂದು ದೊಡ್ಡಿಗಳಿಂದ ತಂತಿ ಬಿಚ್ಚಿಸಿ ಸೈನಿಕರಿಗೆ ಒಪ್ಪಿಸಿದ. ಅಕ್ಕನಿಗೆ ಹೊಸ ಅಡುಗೆಮನೆ ಕಟ್ಟತೊಡಗಿದ. ಸೂರು ಏರುವವರೆಗೂ ಅವಳು ಅವನೊಡನೆ ಮಾತಾಡಲಿಲ್ಲ.

ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಇಂಥದ್ದೊಂದು ಬಾಗಿಲಿಗೆ ಒತ್ತಾಗಿಯೋ ಕಪಾಟಿನಲ್ಲಿ ಶೋಕಿಗೋ ಕೂತಿದೆಯೇ? ಎತ್ತಿ ಎಸೆಯಲು ಹೋಗಬೇಡಿ. ಮಕ್ಕಳನ್ನು ಕರೆದುಕೊಂಡು ಈಗಲೇ ಹೊರನಡೆದು ಪೊಲೀಸರಿಗೋ ಸೈನ್ಯದವರಿಗೋ ತಿಳಿಸಿ. ಕೆಂಪು ಬಾವುಟ ಕಂಡಲ್ಲಿ ಬೇಲಿ ದಾಟಬೇಡಿ. ಎಲ್ಲಾದರೂ ಅಂಥದ್ದು ಕಣ್ಣಿಗೆ ಬಿದ್ದರೆ ಮುಟ್ಟದೆ, ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು, ಜಾಗ ನೆನಪಿಟ್ಟುಕೊಂಡು ಹೇಳಿ. ಸೈನಿಕರೇ, ನೆನಪಿಗೆಂದು ಒಂದು ಗುಂಡನ್ನೂ ಜೇಬಿಗೆ ಹಾಕಿಕೊಂಡು ಮನೆಗೆ ತರಬೇಡಿ.

ಬೈಯುತ್ತಾರೆಂದು ಹೆದರಿ ಮುಚ್ಚಿಡಬೇಡಿ. ಬೈಸಿಕೊಳ್ಳಿ. ಬೈಸಿಕೊಳ್ಳಲಾದರೂ ಜೀವಂತವಾಗಿರಿ.