ಮೂರು ಪ್ರಬಂಧಗಳ ವಿಳಾಸ

ಪ್ರಾಂತ್ಯವಾರು ಪಟ್ಟಿ ಬಂದ ದಿನ ನಮ್ಮ ಪ್ರಯೋಗಾಲಯದವರೆಲ್ಲ ಅದನ್ನು ಕೆಳಗಿನಿಂದ ಮೇಲಕ್ಕೆ ಓದಿದೆವು. ನಾವು ಎಲ್ಲಿರುತ್ತೇವೆಂದು ಗೊತ್ತಿತ್ತು. ಕೃತಕ ಬುದ್ಧಿಮತ್ತೆಯ ಬಗ್ಗೆ ಈ ವರ್ಷ ಯಾವ ಪ್ರಾಂತ್ಯದಿಂದ ಎಷ್ಟು ಸಂಶೋಧನಾ ಪ್ರಬಂಧಗಳು ಬಂದವೆಂದು, ಪ್ರಯೋಗಾಲಯಗಳಿಗೆ ಗಣಕಯಂತ್ರ ಹಂಚುವ ಮಂಡಳಿ ಎಣಿಸಿತ್ತು. ರಾಜಧಾನಿಗೆ ನಾನೂರ ಹನ್ನೆರಡು. ನಮಗೆ ಏಳು. ಹತ್ತಕ್ಕಿಂತ ಕಡಿಮೆ ಇರುವ ಕಡೆಯ ಯಂತ್ರಗಳನ್ನು ‘ಹೆಚ್ಚು ಬಳಕೆಯಿರುವ’ ಕೇಂದ್ರಗಳಿಗೆ ಸಾಗಿಸಲಾಗುವುದು, ಆಕ್ಷೇಪಣೆಗೆ ಇಪ್ಪತ್ತು ದಿನ ಎಂದು ಕೊನೆಯಲ್ಲೊಂದು ಸಾಲು.

ನಮ್ಮಲ್ಲಿರುವುದು ಒಂದೇ ದೊಡ್ಡ ಯಂತ್ರ. ವೈದ್ಯರು ಗೀಚುವ ಔಷಧಿ ಚೀಟಿಗಳನ್ನು ಓದಲು ಎರಡು ವರ್ಷದಿಂದ ನಾನು ಅದಕ್ಕೆ ಕಲಿಸುತ್ತಿದ್ದೇನೆ. ಅದು ಹೋದರೆ ನನ್ನ ಕೆಲಸವೂ ಅಲ್ಲಿಗೇ ಮುಗಿಯಿತು. ಮನೆಯ ಲ್ಯಾಪ್‌ಟಾಪಿನಲ್ಲಿ ಮಾಡಹೊರಟರೆ ಫಲಿತಾಂಶ ಬರುವಷ್ಟರಲ್ಲಿ ನನ್ನ ತಲೆ ನರೆತಿರುತ್ತದೆ.

ನನಗೆ ಸಿಟ್ಟು ಬಂದದ್ದು ಮಂಡಳಿಯ ಮೇಲಲ್ಲ. ನಾವು ಬರೆದದ್ದು ಏಳಲ್ಲ, ಹದಿಮೂರು. ಉಳಿದ ಆರು ರಾಜಧಾನಿಯ ಲೆಕ್ಕದಲ್ಲಿ ಆರಾಮವಾಗಿ ಕೂತಿದ್ದವು. ನಮ್ಮ ಗೈಡ್ ಸರ್ ಅಲ್ಲಿಯ ಒಂದು ಸಂಸ್ಥೆಯ ಗೌರವ ಸದಸ್ಯರು. ನಮ್ಮೂರಿನ ವಿಳಾಸ ಕಂಡರೆ ಪತ್ರಿಕೆಯವರು ಮೂರನೇ ಸಾಲಿಗೇ ಆಕಳಿಸುತ್ತಾರೆ ಎಂಬುದು ಅವರ ನಂಬಿಕೆ. ಹಾಗಾಗಿ ಒಳ್ಳೆಯ ಪ್ರಬಂಧಕ್ಕೆಲ್ಲ ಆ ಸಂಸ್ಥೆಯ ವಿಳಾಸ, ಸಾಧಾರಣದ್ದಕ್ಕೆ ನಮ್ಮದು. ಆ ಆರರಲ್ಲಿ ನನ್ನವಾದ ಮೂರಕ್ಕೆ ಅಲ್ಲಿಯ ವಿಳಾಸ ಬಿದ್ದಾಗ ನಾನು ಹಿಗ್ಗಿದ್ದೆ. ಆ ದಿನದ ಡೈರಿ ಓದಿದರೆ ಈಗ ಹಲ್ಲು ಕಡಿಯುವಂತಾಗುತ್ತದೆ.

ಆ ಮೂರು ನಮ್ಮ ಲೆಕ್ಕಕ್ಕೆ ಬಂದರೆ ಹತ್ತಾಗುತ್ತಿತ್ತು. ವಿಳಾಸ ತಿದ್ದಿಸಲು ಸರ್ ಅವರನ್ನು ಕೇಳಬೇಕಿತ್ತು. ಮೊದಲ ದಿನ ಅವರ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಎರಡನೆಯ ದಿನ ಚೀಟಿ ಬರೆದು ಮೇಜಿನ ಮೇಲಿಟ್ಟೆ. ಅವರು ಅದರ ಮೇಲೆ ಚಹಾ ಲೋಟ ಇಟ್ಟರು. ಮೂರನೆಯ ದಿನ ಬಾಯಿ ಬಿಟ್ಟೆ. ನೋಡೋಣ ಅಂದರು. ಮರುದಿನ, ಅಲ್ಲಿಯವರು ಏನಂದುಕೊಳ್ಳುತ್ತಾರೆ ಅಂದರು. ಅದರ ಮರುದಿನ, ಸದಸ್ಯತ್ವದ ನವೀಕರಣ ಹತ್ತಿರವಿದೆ ಅಂದರು. ಯಂತ್ರ ಹೋದರೂ ಇಲ್ಲಿಂದಲೇ ಬಳಸಬಹುದಲ್ಲ ಅಂತಲೂ ಅಂದರು. ನಮ್ಮ ಯಂತ್ರಕ್ಕೆ ನಾವೇ ಅರ್ಜಿ ಹಾಕಿ, ಸರದಿ ಕಾಯುವುದು! ಎಂಟು ದಿನ ಹೀಗೇ ಕಳೆಯಿತು.

ಅಕ್ಕನ ಹತ್ತಿರ ಹೇಳಿಕೊಂಡೆ. ಅವಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಹಳೆಯ ಚೀಟಿಗಳನ್ನು ಹೆಸರು ಅಳಿಸಿ ನನಗೆ ಕೊಡಿಸಿದವಳು ಅವಳೇ.

“ಅಡುಗೆ ನಿಮ್ಮನೇಲಿ, ಬಡಿಸಿದ್ದು ಪಕ್ಕದ ಮನೆಯವರ ಹೆಸರಲ್ಲಿ,” ಅಂದಳು. “ಈಗ ಅವರು ಒಲೇನೂ ಎತ್ಕೊಂಡು ಹೋಗ್ತಿದ್ದಾರೆ. ನೀನು ಬಾಗಿಲು ಹಿಡ್ಕೊಂಡು ನಿಂತಿದ್ದೀಯ, ಪಾಪ ಅವರಿಗೆ ತಗುಲದೇ ಇರಲಿ ಅಂತ.”

“ಸರ್ ಒಪ್ಪಬೇಕಲ್ಲಕ್ಕಾ.”

“ಪ್ರಬಂಧದಲ್ಲಿ ಮೊದಲ ಹೆಸರು ಯಾರದ್ದು?”

ನನ್ನದು. ಮೂರರಲ್ಲೂ.

ಮೂರೂ ಒಂದೇ ಪತ್ರಿಕೆಯಲ್ಲಿ ಬಂದಿದ್ದವು. ಅದರ ನಿಯಮಗಳನ್ನು ಆಗಲಾದರೂ ಪೂರ್ತಿ ಓದಿದೆ. ತಿದ್ದುಪಡಿಯನ್ನು ಮೊದಲ ಲೇಖಕರೇ ಕೇಳಬಹುದು. ಜೊತೆಯ ಲೇಖಕರಿಗೆ ಪ್ರತಿ ಹೋಗುತ್ತದೆ. ಅವರು ಏಳು ದಿನದಲ್ಲಿ ಬೇಡವೆನ್ನದಿದ್ದರೆ ತಿದ್ದುತ್ತಾರೆ. ಅಂದರೆ ಸರ್ ಏನನ್ನೂ ಮಾಡಬೇಕಿರಲಿಲ್ಲ. ಅದರಲ್ಲಿ ಅವರನ್ನು ಮೀರಿಸುವವರಿಲ್ಲ.

ಮೇಲ್ ಕಳಿಸಿದೆ. ಕೂಡಲೇ ಸರ್ ಅವರ ಕೋಣೆಗೆ ಹೋಗಿ, ಕಳಿಸಿದ್ದೇನೆಂದು ಹೇಳಿದೆ.

ಅವರು ಕನ್ನಡಕ ತೆಗೆದರು. “ನನ್ನನ್ನ ಒಂದು ಮಾತು ಕೇಳಬೇಕಿತ್ತಲ್ಲಮ್ಮ?”

“ಕೇಳಿದ್ದೆ ಸರ್,” ಅಂದೆ. “ಎಂಟು ದಿನ.”

ಅವರು ಕನ್ನಡಕ ಮತ್ತೆ ಹಾಕಿಕೊಂಡು ಕಂಪ್ಯೂಟರಿನ ಕಡೆ ತಿರುಗಿದರು. ಅವರು ಬೇಡವೆಂದು ಬರೆದರೇ ಎಂದು ಏಳು ದಿನ ನಾನು ಗಂಟೆಗೊಮ್ಮೆ ಮೇಲ್ ತೆರೆದು ನೋಡುತ್ತಿದ್ದೆ. ಎಂಟನೆಯ ದಿನ ಬೆಳಿಗ್ಗೆ ತಿದ್ದಿದ ಪ್ರತಿಗಳು ಬಂದವು. ಅವನ್ನು ಮಂಡಳಿಗೆ ಕಳಿಸಿದೆ. ಪರಿಷ್ಕೃತ ಪಟ್ಟಿಯಲ್ಲಿ ನಮ್ಮದು ಸರಿಯಾಗಿ ಹತ್ತು. ಯಂತ್ರ ಇಲ್ಲೇ ಉಳಿಯಿತು.

ಸರ್ ಅವರ ಸದಸ್ಯತ್ವ ಏನಾಯಿತೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಶುಕ್ರವಾರ ಅವರೇ ಯಂತ್ರದ ಕೋಣೆಗೆ ಬಂದರು. ನನ್ನ ಕಡೆ ನೋಡದೆ, ಸೋಮವಾರದಿಂದ ಮೂರು ದಿನ ಯಂತ್ರ ತಮಗೆ ಬೇಕು, ನಾನು ನನ್ನ ಕೆಲಸ ನಿಲ್ಲಿಸಬೇಕು ಎಂದರು.

ಎರಡು ದಿನ ಕೊಡುತ್ತೇನೆ ಸರ್, ಎಂದೆ.