ಹೂಲಾಕಿನ ರಕ್ತ

ನನ್ನ ಮೈದುನ ಇಪ್ರಾನಿಗೆ ಬುದ್ಧಿಯಿಲ್ಲ ಎಂದು ನಾನು ಯಾವತ್ತೂ ಹೇಳಿದವಳಲ್ಲ. ಬುದ್ಧಿ ಬೇಕಾದಷ್ಟಿದೆ. ಅದು ಯಾವಾಗಲೂ ಅಡ್ಡದಾರಿಯಲ್ಲೇ ಓಡುತ್ತದೆ ಎನ್ನುವುದಷ್ಟೇ ನನ್ನ ತಕರಾರು. ಆ ವರ್ಷ ಅವನ ಕಣ್ಣು ಹೊಲದಂಚಿನ ಕಾಡುಸಂಪಿಗೆ ಮರದ ಮೇಲೆ ಬಿತ್ತು. ಬಯಲಿನ ಕಡೆಯ ಗುತ್ತಿಗೆದಾರನೊಬ್ಬ ಬಂದು, ಮರದ ಸುತ್ತ ಒಂದು ಸುತ್ತು ಹಾಕಿ, ಬುಡ ತಟ್ಟಿ ನೋಡಿ, ಇಪ್ರಾನ ಮನೆಯಲ್ಲಿ ಅಕ್ಕಿ ಹೆಂಡ ಕುಡಿದು ಹೋಗಿದ್ದ. ಅಂದಿನಿಂದ ಇಪ್ರಾ ಉಂಡರೂ ಕೂತರೂ ಆ ಮರದ ಕಡೆಗೇ ಮುಖ ಮಾಡುತ್ತಿದ್ದ.

ಆದರೆ ಮರದಲ್ಲಿ ಹೂಲಾಕ್‌ಗಳಿದ್ದವು. ಬಾಲವಿಲ್ಲದ, ಉದ್ದ ಕೈಯ ಗಿಬ್ಬನ್‌ಗಳನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಗಂಡು ಕಪ್ಪು, ಹುಬ್ಬು ಮಾತ್ರ ಬಿಳಿ. ಹೆಣ್ಣು ಕಂದು. ಹುಟ್ಟಿದಾಗ ಬೂದಿ ಬಳಿದಂತಿದ್ದ ಅವುಗಳ ಮರಿ ಈಗೀಗ ಕಪ್ಪಾಗುತ್ತಿತ್ತು. ಬಿಸಿಲೇರುವ ಹೊತ್ತಿಗೆ ಗಂಡು ಹೆಣ್ಣು ಸೇರಿ ಕೂಗಲು ಶುರು ಮಾಡಿದರೆ ಹೊಳೆಯಾಚೆಯ ಊರಿಗೂ ಕೇಳಿಸುತ್ತಿತ್ತು. ನಾವು ಮಿಶ್ಮಿಗಳು, ದಿಬಾಂಗ್ ನದಿಯ ದಂಡೆಯ ಬೆಟ್ಟದ ಜನ. ಕೋತಿ ಹೊಡೆಯುತ್ತೇವೆ, ಅದರ ಬುರುಡೆಯನ್ನು ಗೋಡೆಯ ಮೇಲೆ ಸಾಲಾಗಿ ಕಟ್ಟುತ್ತೇವೆ. ಹೂಲಾಕಿಗೆ ಮಾತ್ರ ಬೆರಳು ಕೂಡ ತೋರಿಸುವುದಿಲ್ಲ. ಅದು ಮಲಗುವ ಮರಕ್ಕೆ ಕೊಡಲಿ ಹಾಕುವುದಿಲ್ಲ. ಅದನ್ನು ಕೊಂದವರ ಮನೆಯಲ್ಲಿ ಮಗು ಉಳಿಯುವುದಿಲ್ಲ. ಯಾರ ಕತ್ತಿಗೆ, ಯಾರ ನಾಯಿಯ ಬಾಯಿಗೆ ಅದರ ಕೊನೆಯುಸಿರು ಹೋಯಿತೋ ಅವರ ಮನೆಗೇ ಆ ದೋಷ.

ಇಪ್ರಾನ ಹೆಂಡತಿ ಎರೊಲಿ ನನ್ನ ಒಡಹುಟ್ಟಿದ ತಂಗಿ. ಅಕ್ಕ ತಂಗಿಯರಿಬ್ಬರನ್ನೂ ಒಂದೇ ಮನೆಯ ಅಣ್ಣ ತಮ್ಮಂದಿರಿಗೆ ಕೊಟ್ಟಿದ್ದರು. ನನ್ನ ಗಂಡ ದಿಬಾಂಗ್ ನದಿ ದಾಟುವಾಗ ಕೊಚ್ಚಿಹೋದ, ನನಗೆ ಮಕ್ಕಳಾಗಲಿಲ್ಲ. ಎರೊಲಿಗೆ ಆಗಿದ್ದು ಎರಡು, ಎರಡೂ ಹುಟ್ಟುತ್ತಲೇ ಹೋದವು. ಈಗ ಅವಳು ಮತ್ತೆ ತುಂಬು ಬಸುರಿ. ನನಗೆ ಆ ವರ್ಷ ಬೇಕಾಗಿದ್ದುದು ಒಂದೇ, ಆ ಮಗು ಉಳಿಯಬೇಕು. ಅದನ್ನು ಬೆನ್ನಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕೆಂದು ಕೆಂಪಂಚಿನ ಕರಿಬಟ್ಟೆ ನೇಯಲು ಕೂತಿದ್ದೆ. ಎರೊಲಿಗೂ ತೋರಿಸದೆ ಕದ್ದುಮುಚ್ಚಿ ನೇಯುತ್ತಿದ್ದೆ, ದೃಷ್ಟಿ ಬಿದ್ದೀತೆಂದು.

ಒಂದು ಬೆಳಿಗ್ಗೆ ಕೊಡಲಿಯ ಸದ್ದು ಕೇಳಿ ಓಡಿದೆ. ಸಂಪಿಗೆ ಮರಕ್ಕೂ ಕಾಡಿಗೂ ನಡುವೆ ಇದ್ದ ಹಲಸಿನ ಮರಗಳು, ಬಿದಿರ ಮೆಳೆಗಳು ನೆಲಕ್ಕೊರಗಿದ್ದವು. ಇಪ್ರಾ ಬೆವರೊರೆಸಿಕೊಳ್ಳುತ್ತ ನಿಂತಿದ್ದ.

"ಏನೋ ಮಾಡ್ದೆ ಇದು?"

"ಸಂಪಿಗೆ ಮರ ಮುಟ್ಟಿದ್ನಾ ಅತ್ತಿಗೆ? ಹೇಳಿ ನೋಡೋಣ. ಮುಟ್ಟಿಲ್ಲ. ಹಲಸು ಕಡಿದೆ, ಬಿದಿರು ಕಡಿದೆ. ಸಾಸಿವೆ ಹಾಕ್ಬೇಕು. ನನ್ನ ಹೊಲ ತಾನೆ?"

"ಅವು ಕಾಡಿಗೆ ಹೋಗೋ ದಾರಿನೇ ಆ ಮರಗಳು ಕಣೋ. ಈಗ ಹೆಂಗೆ ಹೋಗ್ತಾವೆ?"

"ಯಾಕೆ, ಕಾಲಿಲ್ವಾ ಅವಕ್ಕೆ? ಹಸಿವಾದ್ರೆ ತಾವಾಗೇ ಇಳಿದು ಹೋಗ್ತಾವೆ. ಅವು ಹೋದ್ಮೇಲೆ ಅದು ಬರೀ ಮರ. ಬರೀ ಮರ ಕಡಿಯೋಕೆ ಯಾರಪ್ಪನ ಅಪ್ಪಣೆ ಬೇಕು?" ಎಂದು ಹಲ್ಲು ಕಿರಿದ. ತನ್ನ ಜಾಣತನಕ್ಕೆ ತಾನೇ ಬೆರಗಾದ ಮುಖ.

ಇದು ಅಂಥ ಜಾಣತನ. ಕೊಲ್ಲಬಾರದು, ಸರಿ, ಅವನು ಕೊಲ್ಲಲಿಲ್ಲ. ಮರ ಕಡಿಯಬಾರದು, ಸರಿ, ಕಡಿಯಲಿಲ್ಲ. ಬೇಟೆಗಾರನಾಗಿ ಹುಟ್ಟಿ ಬೆಳೆದವನಿಗೆ ಹೂಲಾಕ್ ಸಾಯುವ ತನಕ ನೆಲ ಮುಟ್ಟುವ ಪ್ರಾಣಿಯಲ್ಲ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆಸೆ ಬಂದಾಗ ಗೊತ್ತಿರುವುದೂ ಮರೆಯುತ್ತದೆ.

"ಇಳಿದ್ರೆ ನಿನ್ನ ನಾಯಿಗಳು ಬಿಡ್ತಾವಾ?" ಎಂದೆ.

ಇಪ್ರಾನ ಬಳಿ ಎರಡು ಬೇಟೆ ನಾಯಿಗಳಿದ್ದವು, ಟೈಗರ್ ಮತ್ತು ಬುಲೆಟ್. ಹೆಸರಿಗೆ ತಕ್ಕ ಹಲ್ಲು. "ನಾಯಿ ಕಟ್ಟಿಹಾಕಿದ್ರೆ ಜೋಳ ಪೂರ್ತಿ ಕೋತಿ ಪಾಲು. ಹಗಲೆಲ್ಲ ನೀವು ಬಂದು ಕಾಯ್ತೀರಾ?"

"ಕಾಯ್ತೀನಿ. ಕಟ್ಟು. ನಿನ್ನ ಹೆಂಡ್ತಿ ಹೊಟ್ಟೆ ನೋಡ್ಕೊಂಡು ಕಟ್ಟು."

ಹೊಟ್ಟೆಯ ಮಾತು ಬಂದಾಗ ಅವನ ನಗು ನಿಂತಿತು. ನಾಯಿಗಳನ್ನು ಕಟ್ಟಿಹಾಕಿದ. ನಾನು ತಗಡಿನ ಡಬ್ಬ ಬಡಿಯುತ್ತ ಮೆಕ್ಕೆಜೋಳದ ಹೊಲದಲ್ಲಿ ಕೂತೆ. ಬೇಟೆಯ ಮಾಂಸ ನಾವು ಹೆಂಗಸರು ತಿನ್ನುವುದಿಲ್ಲ, ಹಾಗಾಗಿ ಕೋತಿ ಸತ್ತರೆ ನಮಗೇನೂ ಲಾಭವಿಲ್ಲ. ಜೋಳ ಹೋದರೆ ಮಾತ್ರ ನಮ್ಮದೇ ನಷ್ಟ.

ಸಂಪಿಗೆಗೆ ಒತ್ತಿಕೊಂಡು ಒಂದು ಅತ್ತಿ ಮರವಿತ್ತು, ಕೊಂಬೆಗೆ ಕೊಂಬೆ ತಗಲುವಷ್ಟು ಹತ್ತಿರ. ದಾರಿ ಮುಚ್ಚಿಹೋದ ಹೂಲಾಕ್‌ಗಳಿಗೆ ಉಳಿದಿದ್ದ ಅನ್ನ ಅದೊಂದೇ. ಹಣ್ಣು ಕೆಂಪಾಗುತ್ತಿದ್ದಂತೆ ಕೋತಿಗಳಿಗೂ ವಾಸನೆ ಹತ್ತಿತು. ಅವಕ್ಕೆ ನೆಲವೂ ಒಂದೇ, ಮರವೂ ಒಂದೇ. ಹರಿದ ತುಟಿಯ ದೊಡ್ಡ ಗಂಡು ಮುಂದೆ, ಹೊಟ್ಟೆಗೆ ಮರಿ ಅಂಟಿಸಿಕೊಂಡ ಹೆಣ್ಣುಗಳು ನಡುವೆ, ಪುಂಡ ಗಂಡುಗಳು ಸುತ್ತ. ನನ್ನ ಡಬ್ಬಕ್ಕೆ ಕ್ಯಾರೇ ಅನ್ನದೆ ಕಡಿದ ಬಿದಿರಿನ ಮೇಲೆ ನಡೆದುಬಂದು ಅತ್ತಿ ಮರ ಹತ್ತಿದವು. ಹಣ್ಣು ಕಿತ್ತು ಕೆನ್ನೆಯ ಚೀಲಕ್ಕೆ ತುರುಕಿಕೊಳ್ಳತೊಡಗಿದವು.

ಹೂಲಾಕ್ ಗಂಡು ಸಂಪಿಗೆಯ ತುದಿಯಿಂದ ಇಳಿಯಿತು. ಒಂದು ಕೊಂಬೆ ಬಿಟ್ಟು ಇನ್ನೊಂದು ಹಿಡಿಯುವುದು ನನ್ನ ಕಣ್ಣಿಗೆ ಕಾಣಲೇ ಇಲ್ಲ. ಬಂದ ರಭಸಕ್ಕೆ ಎರಡು ಕಾಲಿನಿಂದ ಒಂದು ಪುಂಡನ ಎದೆಗೆ ಒದೆಯಿತು, ಇನ್ನೊಂದರ ತೋಳಿಗೆ ಬಾಯಿ ಹಾಕಿ ಮಾಂಸ ಸೀಳಿತು. ಹರಿದ ತುಟಿಯದು ಹಿಂದಿನಿಂದ ಹಾರಿ ಅದರ ಕಿವಿ ಕಚ್ಚಿ ಹಿಡಿಯಿತು. ಹೆಣ್ಣು ಹೂಲಾಕ್ ಮರಿಯನ್ನು ತಬ್ಬಿಕೊಂಡು ಮೇಲಿನಿಂದ ಕಿರುಚುತ್ತಿತ್ತು. ಎಲೆ, ಹಣ್ಣು, ಕೂದಲು, ರಕ್ತ ಎಲ್ಲ ಕೆಳಗೆ ಉದುರಿದವು. ಆ ಗದ್ದಲದಲ್ಲಿ ಮರಿಯಿದ್ದ ಹೆಣ್ಣು ಕೋತಿಯೊಂದು ಕೊಂಬೆ ಮುರಿದು ದಪ್ಪನೆ ಬಿತ್ತು.

ಇಪ್ರಾ ಮನೆಯ ಜಗಲಿಯಿಂದ ನೋಡುತ್ತಿದ್ದವನು ತಡೆದುಕೊಳ್ಳಲಾರದೆ ನಾಯಿಗಳನ್ನು ಬಿಚ್ಚಿಬಿಟ್ಟ. ಟೈಗರ್ ತಾಯಿಯ ಕುತ್ತಿಗೆ ಹಿಡಿಯಿತು. ಬುಲೆಟ್ ಮರಿಯನ್ನು ಕಿತ್ತು ಒದರಿತು. ಒಂದೇ ಒದರಿಗೆ ಅದು ಚಿಂದಿಯಾಯಿತು. ಉಳಿದ ಕೋತಿಗಳು ಚೆಲ್ಲಾಪಿಲ್ಲಿಯಾದವು. ಇಪ್ರಾ ಕೇಕೆ ಹಾಕುತ್ತ ಬಂದು ತಾಯಿ ಕೋತಿಯನ್ನು ಬಾಲ ಹಿಡಿದು ಎತ್ತಿದ.

"ಗೋಡೆಗೆ ಇನ್ನೊಂದು ಬುರುಡೆ ಅತ್ತಿಗೆ!"

"ಕಟ್ಟು ಅಂದಿದ್ನಲ್ಲೋ ನಾಯಿಗಳನ್ನ!"

"ಕೋತಿ ತಾನೆ ಸತ್ತಿದ್ದು. ಅದಕ್ಕೂ ಅಳ್ತೀರಾ?"

ನಾನು ಅಳಲಿಲ್ಲ. ಬುಲೆಟ್‌ನ ಮೂತಿಯ ಮೇಲಿನ ರಕ್ತವನ್ನೇ ನೋಡಿದೆ. ಇವತ್ತು ಕೋತಿ ಮರಿ, ನಾಳೆ ಹೂಲಾಕ್ ಮರಿ.

ಕೋತಿಗಳು ಮತ್ತೆ ಬಂದು ಅತ್ತಿ ಮರ ಬೋಳಿಸಿ ಹೋದವು. ಹೂಲಾಕ್‌ಗಳು ಸಂಪಿಗೆಯ ಎಲೆ ತಿಂದುಕೊಂಡು ಉಳಿದವು. ಕೂಗುವುದನ್ನೂ ಬಿಟ್ಟವು, ಹಸಿದ ಹೂಲಾಕ್ ಕೂಗುವುದಿಲ್ಲ. ಬೆಳಗಾಯಿತೆಂದು ಊರಿಗೆ ಗೊತ್ತಾಗುತ್ತಿದ್ದುದೇ ಆ ಕೂಗಿನಿಂದ. ಈಗ ಹೆಂಗಸರು ಮುಸುಕು ಹೊದ್ದು ಮಲಗಿಯೇ ಇರುತ್ತಿದ್ದರು. ಎರೊಲಿ ಮಾತ್ರ ಬೇಗ ಎದ್ದು ಜಗಲಿಯಲ್ಲಿ ಕೂರುತ್ತಿದ್ದಳು. "ಇವತ್ತೂ ಕೂಗ್ಲಿಲ್ಲ ಅಕ್ಕ" ಅನ್ನುತ್ತಿದ್ದಳು. ಹಾಗನ್ನುವಾಗ ಅವಳ ಕೈ ಹೊಟ್ಟೆಯ ಮೇಲಿರುತ್ತಿತ್ತು.

ಅವು ಇಳಿದದ್ದು ಮಂಜು ಆಗತಾನೆ ಕರಗಿದ ಒಂದು ಬೆಳಿಗ್ಗೆ. ನಾನು ಹೊಲದಲ್ಲಿ ಕಳೆ ಕೀಳುತ್ತಿದ್ದೆ. ಹೆಣ್ಣು ಸಂಪಿಗೆಯ ಬೊಡ್ಡೆ ತಬ್ಬಿ ಜಾರುತ್ತ ಬಂದು ನೆಲಕ್ಕೆ ಕಾಲಿಟ್ಟಿತು. ಮರಿ ಹೊಟ್ಟೆಗೆ ಅಂಟಿತ್ತು. ಗಂಡು ಕೆಳಗಿನ ಕೊಂಬೆಯಲ್ಲೇ ನಿಂತು ಸುತ್ತ ನೋಡುತ್ತಿತ್ತು. ಹೆಣ್ಣು ಎರಡು ಕೈಯನ್ನೂ ತಲೆಯ ಮೇಲೆತ್ತಿಕೊಂಡು, ಹೊಸದಾಗಿ ನಡೆಯಲು ಕಲಿತ ಕೂಸಿನ ಹಾಗೆ ಓಲಾಡುತ್ತ, ಕಡಿದ ಬುಡಗಳ ನಡುವೆ ನಡೆಯಿತು. ಕಾಡಿನಂಚು ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ಮನೆಯ ಕಡೆಯಿಂದ ನಾಯಿಗಳು ಬೊಗಳದೆ ಓಡಿಬಂದವು. ಬೊಗಳದೆ ಬರುವ ನಾಯಿ ಕೊಲ್ಲಲೆಂದೇ ಬರುತ್ತದೆ.

ಕತ್ತಿ ಹಿರಿದು ಓಡಿದೆ. ನಾನು ತಲುಪುವ ಮೊದಲೇ ಟೈಗರ್ ಅದರ ತೊಡೆ ಹಿಡಿದು ಕೆಡವಿತ್ತು. ಮರಿ ಕಿತ್ತುಹೋಗಿ ಉರುಳಿತು. ನಾನು ಟೈಗರ್‌ನ ಬೆನ್ನಿಗೆ ಕತ್ತಿ ಬೀಸಿದೆ; ಮೂಳೆ ಸಿಕ್ಕಿತು, ಮತ್ತೆ ಬೀಸಿದೆ, ನಾಯಿ ಹಿಂಗಾಲು ಎಳೆದುಕೊಂಡು ಬಿತ್ತು. ಅಷ್ಟರಲ್ಲಿ ಬುಲೆಟ್ ಹೆಣ್ಣಿನ ಹೊಟ್ಟೆಗೆ ಬಾಯಿ ಹಾಕಿತ್ತು. ಅದು ನೋವಿನಲ್ಲಿ ತಿರುಗಿ ನಾಯಿಯ ಮೂತಿ ಕಚ್ಚಿತು, ನನ್ನ ಕೈಯನ್ನೂ ಕಚ್ಚಿತು. ಬುಲೆಟ್‌ನ ಕುತ್ತಿಗೆಗೆ ಹೊಡೆದೆ. ಹಿಡಿತ ಬಿಡಲಿಲ್ಲ. ತಲೆ ಬೇರೆಯಾಗುವ ತನಕ ಹೊಡೆದೆ.

ಗಂಡು ಆಗ ನೆಲಕ್ಕೆ ಹಾರಿತು. ನನ್ನ ಪಕ್ಕದಲ್ಲೇ ಓಡಿ ಹೋಗಿ ಮರಿಯನ್ನು ಎದೆಗೆ ಅವಚಿಕೊಂಡಿತು. ಹೆಣ್ಣಿನ ಕಡೆ ಒಮ್ಮೆ ನೋಡಿತು. ಆಮೇಲೆ ಕಾಡಿನಂಚಿನ ಮೊದಲ ಮರ ಹಿಡಿದು ಮೇಲೆ ಹೋಯಿತು.

ಹೆಣ್ಣು ಸತ್ತಿರಲಿಲ್ಲ. ಕರುಳು ಹೊರಗೆ ಬಂದಿತ್ತು, ಮಣ್ಣು ಮೆತ್ತಿಕೊಂಡಿತ್ತು. ಬಿಳಿ ಅಂಚಿನ ಮುಖ ನನ್ನ ಕಡೆಗಿತ್ತು. ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

ಇಪ್ರಾ ಓಡಿಬಂದ. ತನ್ನ ನಾಯಿಗಳ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. "ಸತ್ತೋಯ್ತಾ ಅತ್ತಿಗೆ? ಸತ್ತೋಯ್ತಾ?"

"ಇನ್ನೂ ಇಲ್ಲ."

"ಬದುಕತ್ತೆ ಅಲ್ವಾ? ಏನಾದ್ರೂ ಸೊಪ್ಪು ಹಚ್ಚಿದ್ರೆ, ಬಟ್ಟೆ ಕಟ್ಟಿದ್ರೆ..."

"ಕಣ್ಣಿಲ್ವಾ ನಿಂಗೆ? ಕರುಳು ನೋಡು."

"ನಾನು ಕಟ್ಟಿದ್ದೆ ಅತ್ತಿಗೆ. ಆಣೆ. ಹಗ್ಗ ಹಲ್ಲಲ್ಲಿ ಕಡ್ಕೊಂಡು ಬಂದಿದಾವೆ." ನಿಜವಿರಬಹುದು, ಸುಳ್ಳಿರಬಹುದು, ನಾನು ಇವತ್ತಿಗೂ ಕೇಳಿಲ್ಲ. ಹಗ್ಗ ಕಡಿದರೇನು, ಬಿಚ್ಚಿದರೇನು, ನಾಯಿ ಅವನದೇ. ಹೀಗೇ ಬಿಟ್ಟರೆ ಈ ಪ್ರಾಣ ಹೋಗುವುದು ಅವನ ನಾಯಿಯ ಹಲ್ಲಿಗೇ.

ಅವನ ಹಿಂದೆ ಎರೊಲಿ ಬರುತ್ತಿದ್ದಳು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಏದುಸಿರು ಬಿಡುತ್ತ. ನಾನು ಆ ಹೊಟ್ಟೆ ನೋಡಿದೆ. ಅವಳು ನನ್ನ ಕೈಯಲ್ಲಿದ್ದ ಕತ್ತಿ ನೋಡಿದಳು. ಇಪ್ರಾನಿಗಿಂತ ಮೊದಲು ಅವಳಿಗೇ ತಿಳಿಯಿತು.

"ಅಕ್ಕಾ, ಬೇಡ. ಬೇಡ ಅಕ್ಕಾ!"

"ಆ ಕಡೆ ತಿರುಗು."

"ನಿನ್ನ ಕೈಗೆ ಬೇಡ ಕಣೇ, ನಿನ್ನ ದಮ್ಮಯ್ಯ."

"ತಿರುಗು ಅಂದೆ!"

ಅವಳು ತಿರುಗಲಿಲ್ಲ. ನಾನು ಹೂಲಾಕಿನ ತಲೆಯನ್ನು ಎಡಗೈಯಲ್ಲಿ ಹಿಡಿದೆ. ಬೆಚ್ಚಗಿತ್ತು, ನನ್ನ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಿತ್ತು. ಅದು ನನ್ನ ಬೆರಳು ಹಿಡಿದುಕೊಂಡಿತು. ಕತ್ತು ಕುಯ್ದೆ. ಬೆರಳಿನ ಹಿಡಿತ ಸಡಿಲವಾಗುವ ತನಕ ಅಲ್ಲಾಡದೆ ಕೂತೆ. ಅಷ್ಟು ದುಃಖ ನನ್ನ ಗಂಡ ಹೋದಾಗಲೂ ಆಗಿರಲಿಲ್ಲ.

"ನೋಡಿದ್ರಾ ಇಬ್ರೂ?" ಎಂದು ಕೂಗಿದೆ. "ಸತ್ತಿದ್ದು ನನ್ನ ಕತ್ತೀಲಿ. ನಾಯಿ ಬಾಯಲ್ಲಲ್ಲ. ಯಾರು ಕೇಳಿದ್ರೂ ಹೀಗೇ ಹೇಳ್ಬೇಕು. ದೋಷ ಬಂದು ತಗೊಂಡು ಹೋಗ್ಲಿ ನನ್ನ ಮನೆಯಿಂದ, ಏನಿದೆ ಅಲ್ಲಿ?"

ನಮ್ಮ ಊರಿನ ಪೂಜಾರಿ ಮುದುಕ ಸಿಪಾ. ಹುಲಿ ಕೊಂದವನಿಗೂ ಅವನಲ್ಲಿ ಮಂತ್ರವಿದೆ, ಕಳೆದುಹೋದ ಜೀವವನ್ನು ಕರೆಯುವುದಕ್ಕೂ ಮಂತ್ರವಿದೆ. ನಾನು ಅವನ ಅಂಗಳದಲ್ಲಿ ನಿಂತು ನಡೆದದ್ದೆಲ್ಲ ಹೇಳಿದೆ. ಒಳಗೆ ಕರೆಯಲಿಲ್ಲ.

"ಎರೊಲಿ ಮಗೂಗೆ ದೋಷ ಇಲ್ಲ ತಾನೆ?" ಎಂದೆ.

"ಇಲ್ಲ. ಕತ್ತಿ ನಿಂದು."

"ಅಷ್ಟು ಸಾಕು ನಂಗೆ."

"ಸಾಲಲ್ಲ ಕಣವ್ವ, ಕೇಳು. ಹೂಲಾಕಿನ ರಕ್ತಕ್ಕೆ ನನ್ನ ಹತ್ರ ಮಂತ್ರ ಇಲ್ಲ, ನಮ್ಮಪ್ಪನ ಹತ್ರಾನೂ ಇರ್ಲಿಲ್ಲ. ನಿನ್ನ ಮನೇಲಿ ಮಗು ಇಲ್ಲ ಅಂತ ಅದು ಸುಮ್ನೆ ಹೋಗಲ್ಲ. ನಿನ್ನ ಕೈ ಮುಟ್ಟಿದ ಮಗೂನ ಹಿಡ್ಕೊಳತ್ತೆ. ಎರೊಲಿ ಹೊಸ್ತಿಲು ನೀನು ತುಳೀಬಾರ್ದು. ಆ ಮಗೂನ ಎತ್ಕೋಬಾರ್ದು. ನಿನ್ನ ಕೈಯ ಅನ್ನ, ನಿನ್ನ ಕೈಯ ಬಟ್ಟೆ, ಯಾವ್ದೂ ಅದಕ್ಕೆ ತಾಗ್ಬಾರ್ದು."

"ಎಷ್ಟು ದಿನ?"

"ನೀನಿರೋ ತನಕ."

ಇದೊಂದನ್ನು ನಾನು ಯೋಚಿಸಿರಲಿಲ್ಲ. ಕತ್ತಿ ಎತ್ತಿದಾಗ ನನ್ನ ಮನೆಯಲ್ಲಿ ಕಳೆದುಕೊಳ್ಳುವಂಥದ್ದೇನೂ ಇಲ್ಲ ಎಂದೇ ತಿಳಿದಿದ್ದೆ. ಮನೆಗೆ ಬಂದು ಮಗ್ಗದಲ್ಲಿದ್ದ ಕೆಂಪಂಚಿನ ಬಟ್ಟೆಯನ್ನು ಅರ್ಧಕ್ಕೇ ಕತ್ತರಿಸಿ ಒಲೆಗೆ ಹಾಕಿದೆ.

ಗುತ್ತಿಗೆದಾರ ಮತ್ತೆ ಬಂದಿದ್ದ. ಸಂಪಿಗೆ ಮರ ಈಗ ಖಾಲಿ, ಇಪ್ರಾ ಹೇಳುತ್ತಿದ್ದ ಹಾಗೆ ಬರೀ ಮರ. ಇಪ್ರಾ ಅವನನ್ನು ಅಂಗಳದಿಂದಲೇ ಬೈದು ಅಟ್ಟಿದ. ಕಡಿದ ಜಾಗದಲ್ಲಿ ಸಾಸಿವೆ ಬಿತ್ತಲಿಲ್ಲ, ಬಿದಿರು ನೆಟ್ಟ. ನನ್ನ ಮನೆಗೆ ಸೌದೆ ಒಡೆದು ಹಾಕಿ ಹೋಗುತ್ತಿದ್ದ, ತಲೆ ಎತ್ತದೆ. ನಾನು ಅವನ ಜೊತೆ ಮಾತು ಬಿಟ್ಟಿದ್ದೆ.

ಎರೊಲಿಗೆ ಹೆರಿಗೆ ನೋವು ಬಂತೆಂದು ಕೇಳಿದಾಗ ಹೋಗಿ ಅವರ ಬೇಲಿಯ ಹೊರಗೆ ನಿಂತೆ. ದೂರದ ಕಾಡಿನಲ್ಲಿ ಹೂಲಾಕ್ ಗಂಡು ಕೂಗುತ್ತಿತ್ತು. ಕೂಗಿ, ಹೆಣ್ಣು ಕೂಗಬೇಕಾದ ಜಾಗದಲ್ಲಿ ನಿಲ್ಲಿಸುತ್ತಿತ್ತು, ಆಮೇಲೆ ಮತ್ತೆ ಕೂಗುತ್ತಿತ್ತು. ಒಳಗಿನಿಂದ ತಂಗಿಯ ನರಳಾಟ ಬಂತು. ಅವಳ ಬೆನ್ನು ನೀವುವ ಹಾಗೆ ನನ್ನ ಕೈ ತಾನಾಗಿ ಬೇಲಿಯ ಗೂಟ ನೀವುತ್ತಿತ್ತು. ಕೊನೆಗೆ ಮಗು ಅತ್ತಿತು. ಗಟ್ಟಿ ಅಳು, ಉಳಿಯುವ ಮಗುವಿನ ಅಳು.

ಇಪ್ರಾ ಬಾಗಿಲಿಗೆ ಬಂದ. ಕಣ್ಣು ತುಂಬಿಕೊಂಡಿತ್ತು. "ಅತ್ತಿಗೆ, ಹೆಣ್ಣು ಮಗು. ಚೆನ್ನಾಗಿದೆ. ಎರೊಲಿನೂ ಚೆನ್ನಾಗಿದಾಳೆ. ಬಾಗಿಲಿಗೆ ತಂದು ತೋರಿಸ್ಲಾ?"

"ಬೇಡ. ಒಳಗೇ ಇರ್ಲಿ." ಹೂಲಾಕ್ ಸತ್ತ ದಿನದಿಂದ ಅವನಿಗೆ ನಾನಾಡಿದ ಮೊದಲ ಮಾತು ಅದು.

"ತುಂಬಾ ಅಳ್ತಾ ಇದೆ. ಹಾಲಿಗೆ ಬಿಡೋಕೆ ಹೇಳ್ತೀನಿ."

"ಹೇಳ್ಬೇಡ ಕಣೋ," ಎಂದೆ. "ಇನ್ನೊಂದು ಸ್ವಲ್ಪ ಹೊತ್ತು ಅಳ್ಲಿ. ನಂಗೆ ಇಲ್ಲಿಗೆ ಕೇಳೋದು ಅದೊಂದೇ."