ಬಾಡಿದ ಕಣಗಿಲೆ

ಫಿನಾಯಿಲು, ಅದರಡಿಯಲ್ಲಿ ಬೆಚ್ಚನೆಯ ಸಗಣಿ. ಚಿಕ್ಕಂದಿನಲ್ಲಿ ಮೊದಲು ಈ ವಾಸನೆ ಮನೆಯೊಳಗೆ ಬರುತ್ತಿತ್ತು, ಹಿಂದೆಯೇ ಅಪ್ಪ. ಅಪ್ಪನಂತೆ ನನ್ನ ತಮ್ಮನೂ ದನದ ಡಾಕ್ಟರಾದ. ಅವನು ಬರೆದದ್ದನ್ನು ಅವನೇ ಓದಲಾರ. ಹಾಗಾಗಿ ಬರೆದುಕೊಳ್ಳಲು ನಾನೂ ಜೊತೆಗೆ ಹೋಗುತ್ತೇನೆ.

ಆ ಬೆಳಿಗ್ಗೆ, ಊರಿಗೆಲ್ಲ ಹಾಲು ಹಾಕುವ ಹಾಲಿನಮ್ಮನ ಕೊಟ್ಟಿಗೆಯಲ್ಲಿ ಒಂದು ಹಸು ಸತ್ತು ಬಿದ್ದಿತ್ತು. ಇನ್ನೊಂದು ತೂರಾಡುತ್ತಿತ್ತು. ತಮ್ಮ ಇದ್ದಿಲ ಪುಡಿಯನ್ನು ನೀರಿನಲ್ಲಿ ಕಲಸಿಕೊಟ್ಟ. ದನ ಕಾಯುವವನು ಹಸುವಿನ ಬಾಯಿ ಅಗಲಿಸಿ ಬಿದಿರಿನ ಗೊಟ್ಟದಿಂದ ಹುಯ್ದ. ದನಗಳನ್ನು ಶಿಳ್ಳೆ ಹಾಕಿ ಕರೆಯುವ ಅವನಿಗೆ ಸೀಟಿ ಎಂದೇ ಹೆಸರು. ಅವತ್ತು ಅವನ ತುಟಿ ಒಣಗಿತ್ತು.

"ಮರದಡಿ ಕುಂಭಕರ್ಣನ ಹಾಗೆ ಗೊರಕೆ ಹೊಡೀತಿದ್ದೆ ತಾನೆ?" ಎಂದಳು ಹಾಲಿನಮ್ಮ. "ನಾಳೆಯಿಂದ ಬರಬೇಡ ಮಹಾರಾಯ."

"ಹನ್ನೊಂದು ವರ್ಷ ಕಾದಿದೀನಮ್ಮ. ಒಂದು ಕರು ಕೂಡ ಕಾಲು ಮುರ್ಕೊಂಡಿಲ್ಲ."

"ಇದು ಕಾಲು ಮುರ್ಕೊಂಡು ಸತ್ತಿದ್ದಲ್ಲ!"

ತಮ್ಮ ಸತ್ತ ಹಸುವಿನ ಹೊಟ್ಟೆ ಕೊಯ್ದು, ನೀಳವಾದ ದಪ್ಪ ಎಲೆಯ ಚೂರುಗಳನ್ನು ತೆಗೆದ. "ಕಣಗಿಲೆ. ಬರ್ಕೊಳ್ಳೇ ಅಕ್ಕ."

"ಅದು ಹೇಗಾಗುತ್ತೆ ಡಾಕ್ಟ್ರೇ?" ಎಂದ ಸೀಟಿ. "ಬಾವಿ ಹತ್ರ ಗಿಡ ಇತ್ತಲ್ಲ, ದಿನಾ ಅದರ ಪಕ್ಕದಲ್ಲೇ ಹೋಗ್ತಿದ್ವು. ಒಂದಿನ ಮೂಸಿ ನೋಡಿಲ್ಲ."

"ಇತ್ತು ಅಂದ್ರೆ? ಈಗಿಲ್ವಾ?"

"ನಾನೇ ಕಡಿದೆ, ಹೋದ ವಾರ," ಎಂದಳು ಹಾಲಿನಮ್ಮ. "ವಿಷದ ಗಿಡ, ಎಂದಾದ್ರೂ ಬಾಯಿ ಹಾಕಿದ್ರೆ ಅಂತ ಭಯ. ಕಡಿದು ಗೋಡೆ ಆಚೆ ಎಸೆದೆ."

ಗೋಡೆಯ ಆಚೆ ಮೇವಿನ ಬಯಲು. ಹೋಗಿ ನೋಡಿದೆವು. ಎತ್ತರದ ಒಣಹುಲ್ಲಿನ ನಡುವೆ ಕೊಂಬೆಗಳು ಬಾಡಿ, ಹುಲ್ಲಿನ ಬಣ್ಣಕ್ಕೇ ತಿರುಗಿ, ಕಾಲಿಗೆ ತಾಗುವ ತನಕ ಗುರುತು ಸಿಗಲಿಲ್ಲ.

"ಹಸಿ ಎಲೆ ಕಹಿ, ಹಸು ಮುಟ್ಟಲ್ಲ," ಎಂದ ತಮ್ಮ. "ಬಾಡಿದ್ರೆ ಕಹಿ ಕಮ್ಮಿ ಆಗುತ್ತೆ. ವಿಷ ಹಾಗೇ ಇರುತ್ತೆ."

ಹಾಲಿನಮ್ಮ ಅಲ್ಲೇ ಗೋಡೆಗೆ ಒರಗಿ ಕುಳಿತಳು. ಸೀಟಿ ಕೈಗೆ ಗೋಣಿಬಟ್ಟೆ ಸುತ್ತಿಕೊಂಡು ಕೊಂಬೆಗಳನ್ನು ಆರಿಸತೊಡಗಿದ.

"ಕಾರಣ ಏನಂತ ಬರೀಲೋ?" ಎಂದು ತಮ್ಮನನ್ನು ಕೇಳಿದೆ.

"ಬಾಡಿದ ಕಣಗಿಲೆ ತಿಂದು. ಅಷ್ಟು ಸಾಕು. ಯಾರು ಎಸೆದ್ರು ಅಂತ ಯಾರೂ ಕೇಳಲ್ಲ."

ಸೀಟಿ ಆಳವಾದ ಗುಂಡಿ ತೋಡಿ ಕೊಂಬೆ, ಉದುರಿದ ಎಲೆ ಎಲ್ಲವನ್ನೂ ಹೂತ. ಮಧ್ಯಾಹ್ನದ ಹೊತ್ತಿಗೆ ತೂರಾಡುತ್ತಿದ್ದ ಹಸು ನೆಟ್ಟಗೆ ನಿಂತು ನೀರು ಕುಡಿಯಿತು. ಅವನು ತನ್ನ ಕೋಲು, ಟವಲು ತೆಗೆದುಕೊಂಡು ಬಾಗಿಲ ಕಡೆ ಹೊರಟ.

"ಎಲ್ಲಿಗೆ?" ಎಂದಳು ಹಾಲಿನಮ್ಮ.

"ಬರಬೇಡ ಅಂದ್ರಲ್ಲ."

"ಅಂದೆ. ಬಾಯಿ ನಂದು, ಬುದ್ಧಿ ಎಲ್ಲಿತ್ತೋ. ನಾಳೆ ಐದಕ್ಕೇ ಬಾ."

ಅವಳು ಚೊಂಬಿನಿಂದ ಅವನ ಕೈಗೆ ನೀರು ಹಾಕಿದಳು. ಸೋಪು ಕೊಟ್ಟು ಇನ್ನೊಮ್ಮೆ ತೊಳೆಸಿದಳು. ಆಮೇಲೆ ಒಳಗೆ ಹೋಗಿ, ತನಗೆಂದು ಬಡಿಸಿಟ್ಟುಕೊಂಡಿದ್ದ ಊಟದ ತಟ್ಟೆಯನ್ನು ತಂದು ಅವನ ಕೈಗೆ ಕೊಟ್ಟಳು.